ಕೊಬ್ಬು ಯಾರಿಗೆ ಜಾಸ್ತಿ

ನಮ್ಮಕ್ಕನಿಗೆ ಹೇಳಲೇಬೇಕಾಗಿದ್ದ ಒಂದು ಸಣ್ಣ ಮಾತನ್ನು ನಾನು ಹೇಳಲಿಲ್ಲ. ದೊಡ್ಡ ಮಾತೇನಲ್ಲ. ‘ಅಕ್ಕಾ, ನಾನೂ ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ನುಂಗುತ್ತೇನೆ’ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿಲ್ಲದವನು ಹೇಳದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ನನಗೆ ಬಾಯಿದೆ. ಅದು ಎಂಥ ಬಾಯಿ ಎಂದು ಚಳ್ಳಕೆರೆಯಲ್ಲಿ ನನ್ನ ಗಾಣದ ಮುಂದೆ ಹಾದುಹೋಗುವ ಯಾರನ್ನು ಬೇಕಾದರೂ ಕೇಳಿ, ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ಶೇಂಗಾ ರೇಟು, ಸರ್ಕಾರ, ಪಕ್ಕದ ಬೀದಿಯ ಮದುವೆಗೆ ಹುಡುಗಿ ಒಪ್ಪಿದಳೋ ಇಲ್ಲವೋ, ಎಲ್ಲವನ್ನೂ ಕೇಳದೆಯೇ ಹೇಳುವ ಬಾಯಿ ಅದು. ಅಂಥ ಬಾಯಿ ಒಂದು ಮಾತ್ರೆಯ ವಿಷಯ ಬಂದಾಗ ಮುಚ್ಚಿಕೊಂಡಿತು. ಮಾತ್ರೆ ನುಂಗುವುದಕ್ಕೆ ಮಾತ್ರ ಚೆನ್ನಾಗಿ ತೆರೆದುಕೊಳ್ಳುತ್ತಿತ್ತು.

ನನ್ನ ಕಸುಬು ಎಣ್ಣೆಯದು. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವನ ಹಿಂದೆ ಹೋದೆ. ಅಕ್ಕ ಓಬಮ್ಮ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಅಪ್ಪ ಊಟಕ್ಕೆ ಕೂತಾಗ ನಮ್ಮಿಬ್ಬರ ಅಂಗೈಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಉಜ್ಜಿ ಮೂಸಿ ನೋಡಿ ಯಾವುದೆಂದು ಹೇಳಿ ಎನ್ನುತ್ತಿದ್ದ. ಶೇಂಗಾ, ಸೂರ್ಯಕಾಂತಿ, ಹತ್ತಿಬೀಜ, ಪಾಮ್. ಅದೇ ನಮ್ಮ ಕಾಲೇಜು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸರಿಯಾಗಿ ಹೇಳಿ ಮುಗಿಸಿರುತ್ತಿದ್ದಳು. ಆಮೇಲೂ ನಾನು ಬಾಯಿ ತೆರೆದು ತಪ್ಪು ಹೇಳುತ್ತಿದ್ದೆ. ಮೂಗೆಲ್ಲ ಇವಳಿಗೆ ಹೋಯ್ತು, ಬಾಯೆಲ್ಲ ಇವನಿಗೆ ಬಂತು ಎಂದು ಅಪ್ಪ ನಗುತ್ತಿದ್ದ. ಈಗ ನನ್ನದೇ ಒಂದು ಸಣ್ಣ ಕರೆಂಟಿನ ಗಾಣವಿದೆ. ಜನ ಕ್ಯಾನು ಹಿಡಿದು ಬಂದು, ಕಣ್ಣೆದುರಿಗೇ ಶೇಂಗಾ ಹಿಂಡಿಸಿಕೊಂಡು ಹೋಗುತ್ತಾರೆ. ಆ ಎಣ್ಣೆಗೆ ನಾನು ಇವತ್ತಿನವರೆಗೆ ಒಂದು ತೊಟ್ಟು ಬೇರೆ ಎಣ್ಣೆ ಬೆರೆಸಿದವನಲ್ಲ. ನಾನು ಬೆರಕೆ ಮಾಡಿದ್ದು ಮಾತಿಗೆ.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ಅವ್ವನಿಗಿತ್ತು. ಅವ್ವ ಬಿಟ್ಟುಹೋದದ್ದರಲ್ಲಿ ಯಾವ ತಕರಾರೂ ಇಲ್ಲದೆ ನಮ್ಮಿಬ್ಬರಿಗೂ ಸಮನಾಗಿ ಹಂಚಿಕೆಯಾದದ್ದು ಅದೊಂದೇ. ಇಬ್ಬರೂ ಶುಗರ್ ಮಾತ್ರೆ ನುಂಗಿಕೊಂಡು, ಚಹಾಕ್ಕೆ ಸಕ್ಕರೆ ಬಿಟ್ಟು, ಬಿಟ್ಟಿದ್ದೇವೆ ಎಂದು ಎಲ್ಲರಿಗೂ ಹೇಳಿಕೊಂಡು ಹೇಗೋ ಇದ್ದೆವು. ಆಮೇಲೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದಾಗ ನಮ್ಮ ಡಾಕ್ಟರು ಕಾಗದ ನೋಡಿ, ಕೊಲೆಸ್ಟ್ರಾಲ್ ಏರಿದೆ, ರಕ್ತದಲ್ಲಿ ಕೊಬ್ಬು ಜಾಸ್ತಿಯಾಗಿದೆ, ಶುಗರ್ ಇರುವವರು ಇದನ್ನು ಹಾಗೇ ಬಿಡಬಾರದು, ಎರಡೂ ಸೇರಿದರೆ ಹೃದಯದ ನಾಳ ಕಟ್ಟಿಕೊಳ್ಳುತ್ತದೆ ಎಂದರು. ನಾನು ಸುಮ್ಮನಿರಲಿಲ್ಲ. ನಾವು ಹುಟ್ಟಿದಾಗಿನಿಂದ ಶೇಂಗಾ ಎಣ್ಣೆಯವರು ಸ್ವಾಮಿ, ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ ಎಂದು ದೊಡ್ಡ ದೊಡ್ಡ ಟಿನ್ನುಗಳ ಮೇಲೇ ಬರೆದಿರುತ್ತದಲ್ಲ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಣ್ಣೆಯಲ್ಲಿ ಇಲ್ಲದಿದ್ದರೂ ಅದರಲ್ಲಿ ಮುಳುಗಿ ಏಳುವುದನ್ನೆಲ್ಲ ತಿಂದು ಕೂತರೆ ಮೈಯಲ್ಲಿ ಕೂಡುತ್ತದೆ, ಟಿನ್ನಿನ ಮೇಲೆ ಬರೆದದ್ದು ಎಣ್ಣೆಯ ವಿಷಯ, ಈ ಕಾಗದದಲ್ಲಿ ಬರೆದಿರುವುದು ನಿಮ್ಮ ವಿಷಯ ಎಂದರು. ಕರಿದದ್ದು, ಡಾಲ್ಡಾ, ಚರ್ಬಿಯ ಮಾಂಸ ಬಿಡಬೇಕು. ಸೊಪ್ಪು, ಕಾಳು ಹೆಚ್ಚಬೇಕು. ಮುದ್ದೆ ಕುಗ್ಗಬೇಕು. ದಿನಾ ನಡೆಯಬೇಕು. ಇದೆಲ್ಲದರ ಜೊತೆಗೆ ಈ ಮಾತ್ರೆ ತಪ್ಪಿಸಬಾರದು ಎಂದು ಬರೆದುಕೊಟ್ಟರು.

ಮನೆಗೆ ಬಂದು ನನಗೆ ಕೊಬ್ಬು ಜಾಸ್ತಿಯಾಗಿದೆಯಂತೆ ಎಂದೆ. ನನ್ನ ಹೆಂಡತಿ ಗೌರಮ್ಮ ಒಲೆಯ ಕಡೆಯಿಂದ ತಿರುಗಿಯೂ ನೋಡಲಿಲ್ಲ.

“ಅದಕ್ಕೆ ರಕ್ತ ಯಾಕೆ ಕೊಟ್ರಿ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ.”

ಆದರೆ ಅಡುಗೆಯನ್ನು ಅವಳು ಅವತ್ತೇ ಬದಲಾಯಿಸಿದಳು. ಟಿನ್ನುಗಟ್ಟಲೆ ಎಣ್ಣೆ ಅಳೆಯುವವನ ಮನೆಯಲ್ಲಿ ಒಗ್ಗರಣೆಗೆ ಚಮಚ ಬಂತು. ಹುರುಳಿಕಾಳು ಬೇಯಿತು. ಅನ್ನದ ಬದಲು ನವಣೆ ಬಂತು. ನವಣೆ ಎಷ್ಟು ತಿಂದರೂ ನಡೆಯುತ್ತದೆ ಎಂದುಕೊಂಡು ನಾನು ಎರಡನೇ ಸಲ ಬಡಿಸಿಕೊಳ್ಳಲು ಹೋದಾಗ ಅವಳು ಪಾತ್ರೆಯನ್ನೇ ಎತ್ತಿಟ್ಟಳು. ಮೊದಲೆಲ್ಲ ನನ್ನ ತಟ್ಟೆಯ ಮುದ್ದೆಯ ಆಚೆ ಕೂತ ಹೆಂಡತಿಯ ಮುಖ ಕಾಣುತ್ತಿರಲಿಲ್ಲ. ಈಗ ಪೂರ್ತಿ ಕಾಣತೊಡಗಿತು. ಅದರಿಂದ ಶುರುವಿನಲ್ಲಿ ಇಬ್ಬರಿಗೂ ಸ್ವಲ್ಪ ಕಷ್ಟವಾಯಿತು.

ಮನೆಯೊಳಗಿನ ಪಥ್ಯ ಹೀಗೆ ಗಟ್ಟಿಯಾಗಿತ್ತು. ಮನೆಯ ಹೊರಗಿನದನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಸಂಜೆ ವಾಕಿಂಗ್ ಹೋಗುವ ದಾರಿಯಲ್ಲಿ ಒಂದು ಮಂಡಕ್ಕಿ ಮಿರ್ಚಿ ಅಂಗಡಿ. ಅದರ ಮುಂದೆ ಹಾದುಹೋಗುತ್ತಿದ್ದೆ. ಹಾದುಹೋಗುತ್ತಿದ್ದೆ ಎಂದರೆ ನಡುವೆ ಸ್ವಲ್ಪ ನಿಲ್ಲುತ್ತಿದ್ದೆ. ದಿನಾ ಅಲ್ಲ. ಮೆಣಸಿನಕಾಯಿ ಬಾಂಡ್ಲಿಯಲ್ಲಿ ತೇಲುತ್ತಿದ್ದ ದಿನ ಮಾತ್ರ. ಎಣ್ಣೆ ಎಷ್ಟು ಸಲ ಕಾದಿದೆ ಎಂದು ನೋಡುವುದು ನನ್ನ ಕಸುಬಿಗೆ ಸೇರಿದ ಕೆಲಸ, ತಿನ್ನದೆ ಅದು ತಿಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಮುಂದಿನ ಸಲ ರಕ್ತ ಕೊಟ್ಟಾಗ ಕೊಬ್ಬು ಇಳಿದಿತ್ತು. ಡಾಕ್ಟರು, ಮಾತ್ರೆ ಕೆಲಸ ಮಾಡಿದೆ, ಊಟ ಇನ್ನೂ ಬಿಗಿಯಾದರೆ ಒಳ್ಳೆಯದು ಎಂದರು. ನಾನು ಆ ಮಾತಿನಲ್ಲಿ ಊಟ ಎನ್ನುವುದೊಂದನ್ನೇ ಆರಿಸಿಕೊಂಡು ಆಸ್ಪತ್ರೆಯಿಂದ ಹೊರಬಂದೆ.

ಯಾಕೆಂದರೆ ನನಗೊಂದು ಕಷ್ಟವಿತ್ತು. ಎಣ್ಣೆ ಮಾರುವವನೇ ಕೊಬ್ಬಿಳಿಸುವ ಮಾತ್ರೆ ನುಂಗುತ್ತಾನೆ ಎಂದು ಗೊತ್ತಾದರೆ ಯಾರು ತಾನೇ ಕ್ಯಾನು ಹಿಡಿದು ಬರುತ್ತಾರೆ? ಅಂಗಡಿಗೆ ಬಂದವರು, ತಿಪ್ಪೇಶಣ್ಣ ಸಣ್ಣಗಾಗಿದ್ದಾನೆ, ಏನು ಗುಟ್ಟು ಎಂದು ಕೇಳಿದಾಗ ನಾನು ಎದೆ ಮುಂದಕ್ಕೆ ಚಾಚಿ, ನವಣೆ, ಹುರುಳಿ, ನಮ್ಮ ಗಾಣದ ಎಣ್ಣೆ ಒಂದೇ ಒಂದು ಚಮಚ ಎನ್ನುತ್ತಿದ್ದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬಂತು. ಜನ ತಟ್ಟೆಯ ಬಗ್ಗೆ ಸಲಹೆ ಕೇಳಲು ಬರತೊಡಗಿದರು. ಏಳನೇ ಕ್ಲಾಸಿನವನ ಮಾತನ್ನು ಮೇಷ್ಟರೊಬ್ಬರು ತಲೆಯಾಡಿಸಿ ಕೇಳಿಕೊಂಡು ಹೋದ ದಿನ ನನಗೆ ಊಟವೇ ಸೇರಲಿಲ್ಲ, ಹೊಟ್ಟೆ ಅಷ್ಟು ತುಂಬಿತ್ತು. ಮಾತ್ರೆಯ ಪಟ್ಟಿ ಇಷ್ಟು ಹೊತ್ತೂ ನನ್ನ ಅಂಗಿಯ ಒಳಜೇಬಿನಲ್ಲಿ ಮಾತಾಡದೆ ಕೂತಿರುತ್ತಿತ್ತು.

ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿದೆ. ಭಾವ ರೇಷ್ಮೆ ಸೀರೆ ನೇಯುತ್ತಾರೆ. ಅಕ್ಕ ರಾಟೆಯಲ್ಲಿ ನೂಲು ಸುತ್ತುತ್ತಾಳೆ. ಒಂದು ಎಳೆ ತಪ್ಪಿದರೆ ಸೀರೆಯೇ ಕೆಟ್ಟಿತು ಎನ್ನುವ ಮನೆ. ನನ್ನದು ಇಳಿದ ಮೇಲೆ ಒಂದು ಸಲ ರಕ್ತ ಪರೀಕ್ಷೆಯಲ್ಲಿ ಅವಳಿಗೂ ಕೊಬ್ಬು ಜಾಸ್ತಿ ಎಂದು ಬಂತು. ಅಲ್ಲಿನ ಡಾಕ್ಟರಮ್ಮ ಅವಳಿಗೂ ಪಥ್ಯ ಹೇಳಿ ಮಾತ್ರೆ ಬರೆದುಕೊಟ್ಟರು. ವಿಷಯ ಬೀದಿಗೆ ಹೋಯಿತು. ಪಕ್ಕದ ಮನೆಯ ಲಕ್ಷ್ಮಕ್ಕ ತೆಲುಗಿನವಳು. ನಲ್ಲಿಯ ಹತ್ತಿರ ಎಲ್ಲರೆದುರಿಗೆ, “ಏಮಕ್ಕಾ, ನೀಕು ಕೊವ್ವು ಎಕ್ಕುವಂಟ?” ಎಂದು, ನಿನಗೆ ಕೊಬ್ಬು ಜಾಸ್ತಿಯಂತೆ ಎಂಬ ಅರ್ಥದಲ್ಲಿ, ನಕ್ಕಳಂತೆ. ಕನ್ನಡದ ಕೊಬ್ಬಿಗೆ ಇರುವ ಎರಡು ಅರ್ಥವೂ ತೆಲುಗಿನ ಕೊವ್ವಿಗೂ ಇದೆ. ಮೈಯ ನೆಣವೂ ಅದೇ, ತಲೆಗೇರಿದ ಸೊಕ್ಕೂ ಅದೇ. ಎರಡು ಭಾಷೆಯ ಊರಿನಲ್ಲಿ ಮಾನವಂತರು ತಪ್ಪಿಸಿಕೊಳ್ಳಲು ಜಾಗವಿಲ್ಲ. ಅಕ್ಕ ಅವತ್ತು ನನಗೆ ಫೋನು ಮಾಡಿದಳು.

“ಹುಟ್ಟಿದಾಗಿಂದ ತಲೆ ತಗ್ಗಿಸ್ಕೊಂಡೇ ಬಾಳಿದೀನಿ ಕಣೋ ತಿಪ್ಪೇಶ. ನನಗೆ ಕೊಬ್ಬಂತೆ.”

ನಾನು ಅವಳಿಗೆ ಧೈರ್ಯ ಹೇಳಿದೆ. ಧೈರ್ಯ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನನಗೂ ಇತ್ತು, ಇಳಿಸಿಕೊಂಡೆ, ನೀನೂ ಇಳಿಸಿಕೊಳ್ಳುತ್ತೀಯ ಎಂದೆ. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಮುದ್ದೆ ಎಷ್ಟು, ಸೊಪ್ಪು ಯಾವುದು, ಎಲ್ಲ ಹೇಳಿದೆ. ಕೊಬ್ಬರಿ ಚಟ್ನಿ ಬಿಡು, ಬಾಡೂಟಕ್ಕೆ ಕರೆದರೆ ಚರ್ಬಿ ತೆಗೆದು ತಿನ್ನು, ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಅದೇನೂ ಪಥ್ಯವಲ್ಲ ಎಂದೂ ಹೇಳಿದೆ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಎಲ್ಲ ನಮ್ಮ ಡಾಕ್ಟರು ನನಗೆ ಹೇಳಿದ್ದೇ. ಕೊನೆಗೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. ನೀನೂ ಮಾತ್ರೆ ತಗೊಳ್ತೀಯೇನೋ ಎಂದು. ಆ ಹೊತ್ತಿಗೆ ಸರಿಯಾಗಿ ನನ್ನೆದುರು ಒಬ್ಬ ಗಿರಾಕಿ ಕ್ಯಾನು ಹಿಡಿದು ನಿಂತಿದ್ದ.

“ಮಾತ್ರೆ ಯಾಕಕ್ಕಾ? ತಟ್ಟೆ ಸರಿಯಾಗಿದ್ರೆ ಎಲ್ಲ ಸರಿಯಾಗತೈತೆ,” ಎಂದೆ.

ಗಿರಾಕಿ ಮೆಚ್ಚಿ ತಲೆಯಾಡಿಸಿದ. ಅಕ್ಕ ಆಗಲಿ ಎಂದಳು. ಗಿರಾಕಿ ಎಣ್ಣೆ ತೆಗೆದುಕೊಂಡು ಹೋದ ಮೇಲೆ ನಾನು ತಿರುಗಿ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮರುದಿನ ಮಾಡಬಹುದಿತ್ತು. ಅವತ್ತು ಅವಳೇ ಮಾಡಿದಳು, ಸೊಪ್ಪಿನ ಸಾರು ಹೇಗೆ ಮಾಡಿದೆ ಎಂದು ಹೇಳಲು. ಆಮೇಲೆ ಇದೇ ರೂಢಿಯಾಯಿತು. ಸಂಜೆಯಾದರೆ ಅಕ್ಕ ಫೋನಿನಲ್ಲಿ ಅವತ್ತಿನ ತಟ್ಟೆಯನ್ನು ಒಪ್ಪಿಸುವಳು, ನಾನು ಶಹಭಾಸ್ ಎನ್ನುವೆ. ನನ್ನ ವಾಕಿಂಗೂ ಸಂಜೆಯೇ ಇದ್ದದ್ದರಿಂದ ಒಮ್ಮೊಮ್ಮೆ ಬಾಯಲ್ಲಿ ಮಂಡಕ್ಕಿ ಇರುತ್ತಿತ್ತು. ಏನೋ ಕರಕರ ಅಂತ ತಿಂತಿದೀಯಲ್ಲ ಎಂದು ಕೇಳಿದರೆ ಸೌತೆಕಾಯಿ ಎನ್ನುತ್ತಿದ್ದೆ. ಪಾಪ, ಮರುದಿನದಿಂದ ಅವಳೂ ಸಂಜೆ ಸೌತೆಕಾಯಿ ತಿನ್ನತೊಡಗಿದಳು. ಫೋನಿನಲ್ಲಿ ವಾಸನೆ ಬರುವುದಿಲ್ಲ. ಬಂದಿದ್ದರೆ ನನ್ನ ಪಥ್ಯ ಮೊದಲ ದಿನವೇ ಮುಗಿಯುತ್ತಿತ್ತು.

ಅವಳು ಮುಂದಿನ ಸಲ ರಕ್ತ ಕೊಟ್ಟಾಗ ಕೊಬ್ಬು ಸ್ವಲ್ಪ ಇಳಿದಿತ್ತು, ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಫೋನಿನಲ್ಲಿ ಅಕ್ಕ, ನನ್ನಲ್ಲೇ ಎಲ್ಲೋ ತಪ್ಪುತ್ತಿದೆ ಎಂದಳು. ನಾನು, ಇನ್ನೂ ಸ್ವಲ್ಪ ಬಿಗಿ ಮಾಡು ಎಂದೆ. ನಾನು ಸ್ವಲ್ಪ ಎಂದದ್ದನ್ನು ಅವಳು ನೂಲು ಎಳೆದ ಹಾಗೆ ಎಳೆದಳು. ರಾತ್ರಿಯ ಊಟಕ್ಕೆ ಒಂದು ಲೋಟ ಮಜ್ಜಿಗೆ. ಬೆಳಿಗ್ಗೆ ಎದ್ದು ಶುಗರ್ ಮಾತ್ರೆ ನುಂಗುವಳು, ತಿಂಡಿ ತಿನ್ನಳು. ಹೀಗಿರುವಾಗ ಒಂದು ದಿನ ಬೆಳಿಗ್ಗೆ ಭಾವನಿಂದ ಫೋನು ಬಂತು. ಭಾವ ಹಬ್ಬಕ್ಕೊಂದು ಮಾತಾಡುವ ಮನುಷ್ಯ. ಅವರು ಫೋನು ಮಾಡಿದರೆಂದರೆ ಎದ್ದು ನಿಂತೇ ಕೇಳಬೇಕು.

“ನಿಮ್ಮಕ್ಕ ರಾಟೆ ಮುಂದೆ ಬಿದ್ಲು. ಮೈಯೆಲ್ಲ ಬೆವರು, ಕೈ ನಡುಕ. ಸಕ್ಕರೆ ನೀರು ಕುಡಿಸಿದೆ, ಈಗ ಎದ್ದು ಕುಂತವ್ಳೆ. ಒಂದ್ಸಲ ಬಂದು ಹೋಗು.”

ಗಾಣ ನಿಲ್ಲಿಸಿ ಬಸ್ಸು ಹತ್ತಿದೆ. ತಳಕು ದಾಟಿತು, ಬಿ.ಜಿ. ಕೆರೆ ದಾಟಿತು, ನನ್ನ ಎದೆಯೊಳಗೆ ಗಾಣ ತಿರುಗುತ್ತಲೇ ಇತ್ತು. ಅಕ್ಕನಿಗೆ ಏನಾದರೂ ಆದರೆ ಎಂದು ಯೋಚಿಸಬಾರದೆಂದು ಬೇರೆ ಏನೇನೋ ಯೋಚಿಸಿದೆ. ಹಾನಗಲ್ ಕ್ರಾಸಿನಲ್ಲಿ ಇಳಿದು ಮೊಳಕಾಲ್ಮೂರಿನ ಬಸ್ಸಿಗೆ ಕಾಯಬೇಕಾಯಿತು. ಅಲ್ಲಿ ಒಂದು ತಳ್ಳುಗಾಡಿ. ಬಾಂಡ್ಲಿಯಲ್ಲಿ ಮೆಣಸಿನಕಾಯಿ ತೇಲುತ್ತಿತ್ತು. ಇದನ್ನು ಬರೆಯಲು ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ, ಆದರೆ ಬರೆಯುತ್ತೇನೆ. ತಿಂದೆ. ಕೆಲವರಿಗೆ ದುಃಖವಾದರೆ ಗಂಟಲಲ್ಲಿ ನೀರೂ ಇಳಿಯುವುದಿಲ್ಲವಂತೆ. ನನ್ನ ಗಂಟಲನ್ನು ದೇವರು ಬೇರೆ ಅಳತೆಯಲ್ಲಿ ಮಾಡಿದ್ದಾನೆ.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖ ಸಣ್ಣದಾಗಿತ್ತು, ಬಳೆಗಳು ಮೊಳಕೈವರೆಗೂ ಜಾರುತ್ತಿದ್ದವು. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಅವಳು ಮೂಗರಳಿಸಿದಳು.

“ಹಾನಗಲ್ ಕ್ರಾಸಲ್ಲಿ ಮಿರ್ಚಿ ತಿಂದ್ಯಾ? ಪಾಮ್ ಎಣ್ಣೆ ಕಣೋ ಅದು. ನಿನ್ನೆ ಕಾಯಿಸಿದ್ದು.”

ಒಂದೇ ಒಂದು ತಿಂದೆ ಎಂದೆ. ನಿಜವಾಗಿ ಒಂದಲ್ಲ. ಈಗ ಬೈಯುತ್ತಾಳೆ, ಬೈದರೆ ನನಗೂ ಹಗುರಾಗುತ್ತದೆ ಎಂದು ಕಾದೆ. ಅವಳು ಬೈಯಲಿಲ್ಲ. ತಿನ್ನು ಬಿಡು, ನಿನ್ನ ಮೈ ನಿನ್ನ ಮಾತು ಕೇಳುತ್ತದೆ, ಒಂದು ತಿಂದರೆ ತಡೆದುಕೊಳ್ಳುತ್ತದೆ, ನನ್ನ ಮೈಗೇ ಬುದ್ಧಿಯಿಲ್ಲ ಎಂದಳು. ಎದ್ದು ಹೋಗಿ ನನಗೆ ಊಟಕ್ಕೆ ಇಟ್ಟಳು. ಪುಟ್ಟ ಮುದ್ದೆ, ಹುರುಳಿ ಸಾರು, ಸೌತೆಕಾಯಿ. ನಾನು ಫೋನಿನಲ್ಲಿ ಹೇಳಿದ ತಟ್ಟೆ ಹೇಳಿದ ಹಾಗೇ ನನ್ನ ಮುಂದೆ ಬಂದು ಕೂತಿತ್ತು. ಆ ಕೊಬ್ಬಿನ ಮಾತ್ರೆಯನ್ನಾದರೂ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯೋ ಇಲ್ಲವೋ ಎಂದು, ಏನೋ ಅನುಮಾನ ಬಂದು, ಕೇಳಿದೆ.

“ಅದನ್ನ ಅವತ್ತೇ ಬಿಟ್ಟೆನಲ್ಲೋ. ತಟ್ಟೆ ಸರಿಯಾಗಿದ್ರೆ ಮಾತ್ರೆ ಯಾಕೆ ಅಂತ ನೀನೇ ಅಂದ್ಯಲ್ಲ.”

ಬಾಯಲ್ಲಿದ್ದ ಮುದ್ದೆ ಇಳಿಯಲಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಅವತ್ತು ಮೊದಲ ಸಲ ನಾನು ಅದನ್ನು ಅಗಿದೆ. ಆಗಲಾದರೂ ಹೇಳಬಹುದಿತ್ತು. ನಾಳೆ ಡಾಕ್ಟರಮ್ಮನ ಹತ್ತಿರ ಹೋಗಿಬರೋಣ, ಇವತ್ತು ಹೊತ್ತುಹೊತ್ತಿಗೆ ಊಟ ಮಾಡು ಎಂದಷ್ಟೇ ಹೇಳಿ, ಅವಳ ತಟ್ಟೆಗೂ ಮುದ್ದೆ ಹಾಕಿಸಿ, ಕೈ ತೊಳೆದೆ.

ಮರುದಿನ ಆಸ್ಪತ್ರೆಯಲ್ಲಿ ಜನವೋ ಜನ. ಡಾಕ್ಟರಮ್ಮನ ಕೋಣೆಯ ಬಾಗಿಲು ತೆರೆದೇ ಇತ್ತು. ಸರದಿಯಲ್ಲಿ, ತನ್ನ ಮಂಡಿನೋವಿಗೆಂದು ಬಂದ ಲಕ್ಷ್ಮಕ್ಕನೂ ಇದ್ದಳು. ಡಾಕ್ಟರಮ್ಮ ಅಕ್ಕನ ಮಾತೆಲ್ಲ ಕೇಳಿದರು. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕೆಳಗೆ ಬಿದ್ದು ತಲೆ ಸುತ್ತುತ್ತದೆ, ಅದು ಅಪಾಯ, ಹೊತ್ತು ತಪ್ಪದೆ ತಿನ್ನಬೇಕು ಎಂದರು. ನಿಮ್ಮ ಪಥ್ಯ ಚೆನ್ನಾಗಿದೆ, ಸ್ವಲ್ಪ ಇಳಿದದ್ದು ಅದರಿಂದಲೇ, ಆದರೆ ನಿಮ್ಮ ಮೈಗೆ ಅದೊಂದೇ ಸಾಲದು ಎಂದರು. ಮಾತ್ರೆ ಬಿಡಲು ಯಾರು ಹೇಳಿದರು ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು. ಅಕ್ಕ ನನ್ನ ಕಡೆ ನೋಡಲಿಲ್ಲ. ಸೆರಗಿನ ತುದಿ ನೋಡುತ್ತ, ಯಾರೂ ಹೇಳಿಲ್ಲಮ್ಮ, ನಾನೇ ಬಿಟ್ಟೆ, ನನ್ನದೇ ತಪ್ಪು ಎಂದಳು. ಮಿಲ್ಲಿನಲ್ಲಿ ಎಣ್ಣೆ ಚೆಲ್ಲಿದಾಗಲೂ ಅವಳು ಅಪ್ಪನಿಗೆ ಹೀಗೇ ಹೇಳುತ್ತಿದ್ದಳು. ಚೆಲ್ಲಿದವನು ಹಿಂದೆ ನಿಂತಿರುತ್ತಿದ್ದ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬಹುಶಃ ಆಗಲೂ ಸುಮ್ಮನೇ ಇರುತ್ತಿದ್ದೆ. ನನ್ನನ್ನು ನಾನು ಬಲ್ಲೆ. ಆದರೆ ಡಾಕ್ಟರಮ್ಮ ನನ್ನ ಕಡೆ ತಿರುಗಿ, ನೀವು ಯಾರು, ನಿಮಗೂ ಶುಗರ್ ಇದೆಯಾ ಎಂದರು. ಅಕ್ಕನ ಸಣ್ಣಗಾದ ಮುಖ ಅರಳಿತು. ಬಾಗಿಲಾಚೆಯ ಸರದಿಗೂ ಕೇಳುವ ಹಾಗೆ ಹೇಳಿದಳು.

“ನನ್ನ ತಮ್ಮ ಕಣಮ್ಮ. ಇವನಿಗೂ ಕೊಬ್ಬಿತ್ತು. ಒಂದು ಮಾತ್ರೆ ಇಲ್ದೆ ಬರೀ ಊಟದಾಗೇ ಇಳಿಸ್ಕೊಂಡವ್ನೆ. ಅಂಥ ಗಟ್ಟಿ ಮನಸು ನನಗಿಲ್ಲ.”

ಡಾಕ್ಟರಮ್ಮ ನನ್ನನ್ನು ನೋಡಿದರು. ನಮ್ಮ ಚಳ್ಳಕೆರೆ ಡಾಕ್ಟರು ನೋಡಿದ ಹಾಗೆಯೇ, ಮೇಲಿಂದ ಕೆಳಗೆ. ನನ್ನ ಬಾಯಿ ಇಂಥ ಕಡೆ ಯಾವತ್ತೂ ಕೈಕೊಟ್ಟದ್ದಿಲ್ಲ, ಅವತ್ತು ಕೊಟ್ಟಿತು. ಆದ್ದರಿಂದ ಕೈಯೇ ಕೆಲಸ ಮಾಡಬೇಕಾಯಿತು. ಒಳಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಅರ್ಧ ಖಾಲಿಯಾಗಿತ್ತು. ಅಕ್ಕ ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಬಣ್ಣ ಗುರುತು ಹಿಡಿಯುವುದರಲ್ಲಿ ಅವಳಿಗೆ ಮೋಸ ಮಾಡಲು ಯಾರಿಗೂ ಆಗದು. ಇದು ನನ್ನದೇ ಮಾತ್ರೆಯಲ್ಲವೇನೋ ಎಂದಳು.

ಈಗ ಅಕ್ಕ ಚೆನ್ನಾಗಿದ್ದಾಳೆ, ನೀವು ಗಾಬರಿಯಾಗಬೇಡಿ. ಹೊತ್ತಿಗೆ ಸರಿಯಾಗಿ ತಿನ್ನುತ್ತಾಳೆ, ಮಾತ್ರೆಯನ್ನೂ ನುಂಗುತ್ತಾಳೆ. ಬಳೆಗಳು ಮಣಿಕಟ್ಟಿನ ಹತ್ತಿರ ನಿಲ್ಲುತ್ತವೆ. ಸಂಜೆಯ ಫೋನು ಈಗ ರಾತ್ರಿ ಊಟದ ಹೊತ್ತಿಗೆ ಬದಲಾಗಿದೆ. ಈಗ ಒಪ್ಪಿಸುವವನು ನಾನು, ಕೇಳುವವಳು ಅವಳು. ನಾನು ಮಾತ್ರೆ ನುಂಗಿ ನೀರು ಕುಡಿದ ಸದ್ದು ಅವಳಿಗೆ ಕೇಳಿಸಬೇಕು. ವಾಕಿಂಗಿಗೆ ಬೇರೆ ದಾರಿ ಹಿಡಿದಿದ್ದೇನೆ. ಆ ದಾರಿಯಲ್ಲೂ ಮೊನ್ನೆ ಯಾರೋ ಬಾಂಡ್ಲಿ ಇಟ್ಟಿದ್ದಾರೆ, ಅದು ಬೇರೆ ವಿಷಯ. ಗಾಣದಲ್ಲಿ ಯಾರಾದರೂ ಗುಟ್ಟು ಕೇಳಿದರೆ ಅಂಗಿಯ ಹೊರಜೇಬಿನಿಂದ ಪಟ್ಟಿ ತೆಗೆದು ತೋರಿಸುತ್ತೇನೆ. ನಾನು ಹೆದರಿದ್ದ ಹಾಗೆ ಯಾರೂ ಕ್ಯಾನು ಬಿಟ್ಟು ಓಡಲಿಲ್ಲ. ಒಬ್ಬಿಬ್ಬರು ಸುತ್ತ ನೋಡಿ, ತಮ್ಮ ಒಳಜೇಬಿನಿಂದಲೂ ಒಂದು ತೆಗೆದು ತೋರಿಸಿದರು.

ಆದರೆ ಇದೆಲ್ಲ ಆಮೇಲಿನದು. ಅವತ್ತು ಆ ಕೋಣೆಯಲ್ಲಿ ಅಕ್ಕ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದ್ದರು. ಬಾಗಿಲಾಚೆ ಲಕ್ಷ್ಮಕ್ಕ ಮಂಡಿನೋವು ಮರೆತು ಕತ್ತು ಚಾಚಿದ್ದಳು. ನಾನು ಎದ್ದು ನಿಂತೆ. ಸರದಿಯ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ, ಗಾಣದ ಸದ್ದಿನ ಮೇಲೆ ಕೂಗಿ ರೂಢಿಯಾದ ನನ್ನದೇ ಗಂಟಲಿನಲ್ಲಿ, ಹೇಳಿದೆ.

“ಅಕ್ಕಾ, ತಪ್ಪಾಯ್ತು. ಮಾತ್ರೆ ನಾನು ಒಂದು ದಿನಾನೂ ಬಿಟ್ಟಿಲ್ಲ. ಕೊಬ್ಬು ನಿನಗಲ್ಲ, ನನಗೆ.”